ಒಂದು ಸಾಲಿನ ತಪ್ಪು

ರಸೂಲಬಿ ಬಟ್ಟೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಸೀಳು ಮಾಡಿಕೊಂಡು ಎರಡೂ ಕೈಯಿಂದ ಜಗ್ಗಿದಳು. ಬಿಳಿಯ ಕೋರಾ ಬಟ್ಟೆ ಸದ್ದು ಮಾಡುತ್ತ ಉದ್ದಕ್ಕೂ ಹರಿಯಿತು. ಇನ್ನೊಂದು ತುದಿ ಹಿಡಿದು ಕೂತಿದ್ದ ಜಾಸ್ಮಿನ ಜಗ್ಗಿದ ಕಡೆಗೆ ವಾಲಿದಳು.

“ಗಟ್ಟ್ಯಾಗಿ ಹಿಡಿಯವಾ. ಸೊಟ್ಟ ಹರದ್ರ ಅಕಿ ಎದ್ದು ಕುಂತು ಬೈತಾಳ,” ಎಂದಳು ರಸೂಲಬಿ.

ಬೆಟಗೇರಿಯ ಆ ಓಣಿಯಲ್ಲಿ ಹೆಣ್ಣುಮಕ್ಕಳು ತೀರಿಕೊಂಡರೆ ಮೈ ತೊಳೆದು ಕಫನ್ ತೊಡಿಸುವವಳು ರಸೂಲಬಿ. ಹರಿದ ತುಂಡುಗಳನ್ನು ಒಂದೊಂದಾಗಿ ಮಡಚಿ ಬೇರೆ ಬೇರೆ ಇಡುತ್ತ ಹೋದಳು. “ಇದು ಎದಿಗೆ, ಇದು ತಲಿಗೆ, ಇದು ಅಂಗಿ. ಇವೆರಡೂ ಸುತ್ತಾಕ. ಗಂಡಸರಿಗೆ ಮೂರು ಸಾಕು, ನಮಗ ಐದು. ಇರೂತನಕ ಒಂದು ತುಣುಕು ಹೆಚ್ಚು ಕೊಡಲಿಲ್ಲ, ಹೋಗೂಮುಂದ ಎರಡು ಹೆಚ್ಚಿಗೆ ಕೊಡ್ತಾರ ನೋಡು.”

ತೀರಿಕೊಂಡವಳು ಅಮೀರಾ, ಜಾಸ್ಮಿನಳ ಗಂಡ ಇಲಿಯಾಸನ ಅಕ್ಕ. ಮದುವೆಯಾಗಿರಲಿಲ್ಲ. ಮೂತ್ರಪಿಂಡ ಕೆಟ್ಟು ಒಂದೂವರೆ ವರ್ಷದಿಂದ ರಕ್ತ ತೊಳೆಸಿಕೊಳ್ಳುತ್ತಿದ್ದಳು. ಈ ದಿನ ಬೆಳಗಿನ ನಮಾಜಿನ ಬಾಂಗು ಕೇಳಿಸುವ ಹೊತ್ತಿಗೆ ಉಸಿರು ನಿಂತಿತ್ತು. ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು ಕೊಡುವುದೆಂದು ಗೊತ್ತಾಗಿತ್ತು.

ಪಡಸಾಲೆಯಲ್ಲಿ ಓಣಿಯ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಅಮೀರಾ ಬೀದಿಗೆ ಬಂದರೆ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದವರೇ ಅವರೆಲ್ಲ. ಈಗ ಒಬ್ಬಳು “ಎಂಥಾ ನೇಕ ಹೆಣಮಗಳು” ಎಂದರೆ ಇನ್ನೊಬ್ಬಳು “ಮಾತು ಜೇನ ಇದ್ದಂಗ” ಎಂದು ಜೋಡಿಸುತ್ತಿದ್ದಳು. ಹೊಗಳಲು ಖರ್ಚಿಲ್ಲ. ಸತ್ತವರನ್ನು ಹೊಗಳಲಂತೂ ಏನೇನೂ ಖರ್ಚಿಲ್ಲ, ಅವರು ತಿರುಗಿ ಮುಖ ನೋಡುವುದಿಲ್ಲ.

ಪರದೆಯ ಆಚೆ ಇಲಿಯಾಸನ ಚಪ್ಪಲಿ ಸದ್ದಾಯಿತು. “ಜಾಸ್ಮಿನ, ಆ ಪತ್ರ ಬರದೇನ?”

“ಕಫನ್ ಹರಿಯಾಕತ್ತೀವ್ರಿ.”

“ಅದನ್ನ ಯಾರರೆ ಹರೀತಾರ. ನೀ ಪತ್ರ ಬರಿ. ಸಂಜೀಕ ಪೇಪರಿನಾವ ಬರ್ತಾನ. ಅಷ್ಟೊತ್ತಿಗೆ ಹೊರದೇಶದಾಗಿಂದ ಒಂದು ಉತ್ತರ ನನ್ನ ಕೈಯಾಗ ಇರಬೇಕು. ‘ನಿಮ್ಮ ಅಕ್ಕನ ಉಪಕಾರ ಮರಿಯಂಗಿಲ್ಲ’ ಅಂತ, ಇಂಗ್ಲೀಷಿನ್ಯಾಗ. ಕಟ್ಟ ಹಾಕಿಸಿ ಕ್ಲಾಸಿನ್ಯಾಗ ಹಚ್ಚತೀನಿ.”

ಇಲಿಯಾಸನಿಗೆ ಲಕ್ಷ್ಮೇಶ್ವರದಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಇತ್ತು. ಹುಡುಗರಿಗೆ ಟೈಪು ಮಾಡಲು ಕಲಿಸಿ, ಬಂಗಾರದ ಬಣ್ಣದ ಅಂಚಿನ ಸರ್ಟಿಫಿಕೇಟು ಕೊಡುತ್ತಿದ್ದ. ಕದ್ದ ಪ್ರೋಗ್ರಾಮುಗಳ ಮೇಲೆ ಕಲಿಸಿ, ಪ್ರಾಮಾಣಿಕತೆಯ ಬಗ್ಗೆ ಒಂದು ಸುಭಾಷಿತವನ್ನು ಗೋಡೆಗೆ ಅಂಟಿಸಿದ್ದ. ಅಕ್ಕನ ಕಂಪ್ಯೂಟರಿಗೆ ಅವನು ಇಟ್ಟ ಹೆಸರು ‘ಫಕೀರನ ಡಬ್ಬಿ’. ಆಕೆ ಅದರ ಮುಂದೆ ಕೂತು ಏನು ಮಾಡುತ್ತಾಳೆಂದು ಒಂದು ದಿನವೂ ಕೇಳಿರಲಿಲ್ಲ.

“ಆತೇನ?” ಎಂದ.

“ಆತ್ರಿ,” ಎಂದಳು ಜಾಸ್ಮಿನ. ಆ ಮನೆಯಲ್ಲಿ ಮಾತು ಮುಗಿಸಲು ಅದೊಂದೇ ಉಪಾಯ.

ಆದರೆ ಅದೇ ಡಬ್ಬಿಯಲ್ಲಿ ಜಾಸ್ಮಿನಳದೇ ಒಂದು ಪತ್ರ ಬರೆದಿಟ್ಟು ಎರಡು ವರ್ಷವಾಗುತ್ತ ಬಂದಿತ್ತು. ಅದೂ ಆ ‘ಹೊರದೇಶ’ದವರಿಗೇ. ಅದರಲ್ಲಿ ಹೊಗಳಿಕೆ ಇರಲಿಲ್ಲ, ಅಮೀರಾ ಮಾಡಿದ ಒಂದು ತಪ್ಪು ಇತ್ತು. ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಜೋಡಿಸಿ ಪುಕ್ಕಟೆ ಹಂಚುವ ಆ ಬಳಗದವರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತೆಗೆಯುತ್ತಾರೆ. ತೆಗೆಯುವ ಮೊದಲು ಒಂದು ದಿನ ಬಾಗಿಲು ಹಾಕುತ್ತಾರೆ. ಆಮೇಲೆ ಇಂಥ ತಿದ್ದುಪಡಿಯನ್ನು ಒಳಗೆ ಬಿಡುವುದಿಲ್ಲ. ಬಾಗಿಲು ಹಾಕುವುದು ನಾಳೆ. ಇಂದು ಪತ್ರ ಹೋಗದಿದ್ದರೆ ಆ ತಪ್ಪು ಇನ್ನೆರಡು ವರ್ಷ ಅಮೀರಾಳ ಹೆಸರು ಹೊತ್ತುಕೊಂಡು ಊರೂರು ತಿರುಗುತ್ತದೆ. ಇದು ಜಾಸ್ಮಿನಳಿಗೆ ಗೊತ್ತಿತ್ತು. ಒಳಗೆ ಮಲಗಿದ್ದವಳಿಗೂ ಗೊತ್ತಿತ್ತು.

“ಹಿಡಿಯವಾ,” ಎಂದಳು ರಸೂಲಬಿ. “ಕೈ ಸಡ್ಲ ಬಿಟ್ಟಿ.”

*

ಗದಗ ಜಿಲ್ಲೆಯಾದ ಹೊಸತಿನಲ್ಲಿ ಊರಿಗೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನಮೂನೆಗಳು ಬಂದವು. ಸಕ್ರಪ್ಪನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕಿದ್ದ ಅಮೀರಾಳಿಗೆ ಮುಖ ಎತ್ತಲು ಪುರಸೊತ್ತು ಇಲ್ಲದಾಯಿತು. ಜೋಡಿಸುವುದನ್ನು ಯಾರಾದರೂ ಕಲಿಯಬಹುದು. ಅಚ್ಚಾದ ಮೇಲೆ ಮಸಿ ತೊಳೆದು, ಒಂದೊಂದು ಮೊಳೆಯನ್ನೂ ಪೆಟ್ಟಿಗೆಯಲ್ಲಿ ಅದರದರ ಮನೆಗೆ ತಿರುಗಿ ಹಾಕುವುದೇ ಕೆಲಸ. ಬೇಸರ ಬಂದವರು ಎಲ್ಲವನ್ನೂ ಒಂದು ತಗಡಿನಲ್ಲಿ ಸುರಿದು ಮನೆಗೆ ಹೋಗುತ್ತಿದ್ದರು. ಅಮೀರಾ ಆ ತಗಡನ್ನು ಮರುದಿನ ಅವರ ಮುಂದೆ ಕುಕ್ಕಿ, “ನಿಮ್ಮ ಮನ್ಯಾಗೂ ಅಕ್ಕಿ ಉಪ್ಪು ಒಂದ ಡಬ್ಬಿಯೊಳಗ ಇಡತೀರೇನ?” ಎಂದು ಕೇಳುತ್ತಿದ್ದಳು. ಹೀಗೆ ಕೇಳಿ ಕೇಳಿ ಅಲ್ಲಿ ಯಾರಿಗೂ ಬೇಡದವಳಾದಳು.

ಕೆಲಸ ಕೈಮೀರಿದಾಗ ಸಕ್ರಪ್ಪ ಒಂದು ಕಂಪ್ಯೂಟರು ತಂದ. ಅದಕ್ಕೆ ಬೇಕಾದ ಪ್ರೋಗ್ರಾಮು ಕೊಳ್ಳಲು ಮನಸ್ಸಾಗಲಿಲ್ಲ. ಪುಕ್ಕಟೆ ಎಂದರೆ ವಿಷಕ್ಕೂ ಮಣೆ ಹಾಕಿ ಕೂಡಿಸುವ ಮನುಷ್ಯ. ಯಾರೋ ಕೊಟ್ಟ ಲಿನಕ್ಸಿನ ಸಿ.ಡಿ. ತಟ್ಟೆಯನ್ನು ತಂದು ಅಮೀರಾಳ ಮುಂದಿಟ್ಟು, “ಇದರಾಗ ಮಾಡು” ಎಂದ.

ಆಗ ಟೆಲಿಫೋನಿನ ತಂತಿಯಲ್ಲಿ ಇಂಟರ್ನೆಟ್ಟು ಹನಿ ಹನಿಯಾಗಿ ಬರುತ್ತಿದ್ದ ಕಾಲ. ಅಕ್ಷರ ಹಿಗ್ಗಿಸುವ ಒಂದು ಸಣ್ಣ ಪ್ರೋಗ್ರಾಮು ಬೇಕೆಂದರೆ ಅದರ ಜೊತೆಗೆ ದಪ್ಪ ದಪ್ಪ ಪುಸ್ತಕ, ಚಿತ್ರ, ಕಂಡು ಕೇಳರಿಯದ ದೇಶಗಳ ಭಾಷೆ ಎಲ್ಲವೂ ಇಳಿಯಬೇಕಿತ್ತು. ಇಳಿಯುತ್ತ ಇಳಿಯುತ್ತ ಕರೆಂಟು ಹೋಗುತ್ತಿತ್ತು. “ಒಂದು ಚಮಚಾ ಎಣ್ಣಿ ಕೇಳಿದ್ರ ಗಾಣಾ ಎತ್ತು ಸಮೇತ ಕಳಸ್ತಾರ, ಮಂಗ್ಯಾನಂಥಾವ್ರು,” ಎಂದು ಬೈದು ಅಮೀರಾ ಡಿಕ್ಷನರಿ ಹಿಡಿದು ಇದನ್ನೇ ಇಂಗ್ಲಿಷಿನಲ್ಲಿ ಬರೆದು ಆ ಬಳಗಕ್ಕೆ ಕಳಿಸಿದಳು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹಾಗಾದರೆ ನೀವೇ ಒಡೆದು ಕೊಡಿ ಎಂದು ಉತ್ತರ ಬರೆದರು.

ಒಂದು ಪ್ರೋಗ್ರಾಮೆಂದರೆ ಮೂಲದಲ್ಲಿ ಒಂದೇ ದೊಡ್ಡ ಗಂಟು. ಯಂತ್ರದಲ್ಲಿ ಕಟ್ಟಿದಾಗ ಅದರಿಂದ ನೂರಾರು ಕಡತಗಳು ಉದುರುತ್ತವೆ. ಓಡುವ ಭಾಗ, ಬೇರೆ ಪ್ರೋಗ್ರಾಮುಗಳು ಒರಗಿ ನಿಲ್ಲುವ ಭಾಗ, ಓದುವ ಪುಸ್ತಕ, ನಾನಾ ಭಾಷೆಯ ಮಾತು. ಇವನ್ನು ಬೇರೆ ಬೇರೆ ಪ್ಯಾಕೇಜುಗಳಾಗಿ ಒಡೆದಿಟ್ಟರೆ, ಬೇಕಾದವರು ಬೇಕಾದಷ್ಟೇ ಇಳಿಸಿಕೊಳ್ಳಬಹುದು. ಪ್ರತಿ ಸಲ ಕೈಯಿಂದ ಒಡೆಯುತ್ತ ಕೂರಲಾಗುವುದಿಲ್ಲ. ಹೀಗೆ ಕಟ್ಟು, ಈ ಕಡತ ಇಲ್ಲಿಗೆ ಹಾಕು, ಆ ಕಡತ ಅಲ್ಲಿಗೆ ಹಾಕು ಎಂದು ಯಂತ್ರಕ್ಕೆ ಸಾಲು ಸಾಲಾಗಿ ಅಪ್ಪಣೆ ಬರೆದಿಡಬೇಕು. ಆ ಬರಹಕ್ಕೆ ಸ್ಕ್ರಿಪ್ಟು ಎನ್ನುತ್ತಾರೆ. ಮೊಳೆಗಳನ್ನು ಮನೆಗೆ ಹಾಕುತ್ತ ಬೆಳೆದವಳಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಬರೆದಳು. ಆಮೇಲೆ ಇನ್ನೊಂದನ್ನು ಬರೆದಳು. ಹಾಗೆ ಬರೆಯುತ್ತಲೇ ಕೂದಲು ನರೆಯಿತು. ಆಕೆಯ ಪ್ಯಾಕೇಜುಗಳ ಮೇಲೆ ಒಂದು ದೂರೂ ನಿಂತಿರಲಿಲ್ಲ. ಬಂದ ದೂರನ್ನು ಬಂದ ದಿನವೇ ತಿದ್ದಿ ಎಸೆಯುತ್ತಿದ್ದಳು.

ಜಾಸ್ಮಿನ ಶಿಗ್ಲಿಯಿಂದ ಸೊಸೆಯಾಗಿ ಬಂದಳು. ಮನೆಯಲ್ಲಿ ಒಬ್ಬರ ದುಡಿಮೆ ಸಾಲದೆಂದು ಸಕ್ರಪ್ಪನ ಪ್ರೆಸ್ಸಿಗೇ ಸೇರಿದಳು. ಗಂಡನ ಅಕ್ಕನ ಪಕ್ಕದ ಕುರ್ಚಿ. ನೋಡಿ ನೋಡಿ ತಾನೂ ಒಂದು ಸ್ಕ್ರಿಪ್ಟು ಬರೆದು ತೋರಿಸಿದಳು.

ಅಮೀರಾ ಚಷ್ಮಾ ಮೇಲೆತ್ತಿ ನೋಡಿದಳು. “ಇದು ಒಡದದ್ದಲ್ಲ, ಕೆಡವಿದ್ದು. ಬಳಿದು ಹೊರಗ ಚೆಲ್ಲು.”

ಜಾಸ್ಮಿನ ಚೆಲ್ಲಿದಳು. ಇನ್ನೊಂದು ಬರೆದಳು. ಅದನ್ನೂ ಚೆಲ್ಲಿದಳು. ಒಂದು ದಿನ ಅಮೀರಾ ಓದಿ ಏನೂ ಅನ್ನದೆ ಎದ್ದು ಹೋದಳು. ಆ ಬಾಯಿಂದ ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾರಿಗೂ ಬಂದದ್ದಿಲ್ಲ.

*

ಹಿತ್ತಲಲ್ಲಿ ನಾಲ್ಕೂ ಕಡೆ ಚಾದರ ಕಟ್ಟಿ ಮರೆ ಮಾಡಿದ್ದರು. ಬಾರಿ ಹಣ್ಣಿನ ಗಿಡದ ತಪ್ಪಲು ಹಾಕಿ ಕಾಯಿಸಿದ ನೀರನ್ನು ಜಾಸ್ಮಿನ ತಂಬಿಗೆಯಲ್ಲಿ ಎರೆಯುತ್ತಿದ್ದಳು, ರಸೂಲಬಿ ಮೆಲ್ಲಗೆ ತೊಳೆಯುತ್ತಿದ್ದಳು. ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದ ನರ ಬಂದಾಗ ಬೆರಳು ಹಗುರ ಮಾಡಿದಳು.

“ಅಲ್ಲವಾ, ಆ ಡಬ್ಬಿ ಮುಂದ ಕುಂತು ಏನ ಮಾಡ್ತಿದ್ಲು ಇಕಿ?”

“ದೊಡ್ಡ ಗಂಟು ಬಿಚ್ಚಿ ಸಣ್ಣ ಸಣ್ಣ ಗಂಟು ಕಟ್ಟತಿದ್ರು. ಯಾರಿಗೆ ಏನ ಬೇಕೋ ಅಷ್ಟ ಸಿಗಲಿ ಅಂತ.”

“ಯಾರಿಗೆ?”

“ಗೊತ್ತಿಲ್ರಿ. ಯಾರು ಬೇಕಾದವ್ರು ತಗೋಬಹುದು.”

“ಪುಕ್ಕಟೆ?”

“ಪುಕ್ಕಟೆ.”

ರಸೂಲಬಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. “ನಂದೂ ಹಂಗ ಐತಿ,” ಎಂದಳು. “ಛಲೋ ತೊಳದಿ ಅಂತ ಇವರ್‍ಯಾರೂ ಹೇಳಂಗಿಲ್ಲ. ಕಿವಿ ಹಿಂದ ಬಿಟ್ರೂ ಬೈಯಂಗಿಲ್ಲ. ಅದಕ್ಕ ನಮ್ಮ ಕಣ್ಣ ನಾವ ಇಟಗೊಂಡು ಮಾಡಬೇಕು. ಹ್ಞಾಂ, ಇನ್ನೊಂದು ತಂಬಗಿ ಹಾಕು.”

ಬೀದಿಯ ಕಡೆಯಿಂದ ಇಲಿಯಾಸನ ದನಿ ಗೋಡೆ ದಾಟಿ ಬರುತ್ತಿತ್ತು. ಗಂಡಸರಿಗಾಗಿ ಹಾಕಿದ ಬೆಂಚಿನ ಮೇಲೆ ಸಕ್ರಪ್ಪ ಬಂದು ಕೂತಿದ್ದ.

“ಲಿನಕ್ಸ ಅಂತ ಐತಲ್ರಿ, ಜಗತ್ತೆಲ್ಲಾ ನಡಸೂದು? ಅದು ನಮ್ಮ ಆಪಾನ್ದ, ನಮ್ಮಕ್ಕಂದು,” ಎನ್ನುತ್ತಿದ್ದ ಇಲಿಯಾಸ.

“ನಮ್ಮ ಪ್ರೆಸ್ಸಿನ್ಯಾಗ ಮಾಡಿದ್ದು,” ಎಂದ ಸಕ್ರಪ್ಪ. “ಕರೆಂಟು ನಂದು, ಕುರ್ಚಿ ನಂದು. ನಾ ಅವಾಗ ಹೇಳಿದ್ದೆ, ತಂಗೀ ನೀ ದೊಡ್ಡಾಕಿ ಆಗತಿ ಅಂತ.”

ಆತ ಹೇಳಿದ್ದು ಅದಲ್ಲ. ಬೇರೆಯವರ ಕೆಲಸಕ್ಕೆ ತನ್ನ ಕರೆಂಟು ಸುಡುತ್ತದೆಂದು ಹೇಳಿ, ಅಮೀರಾ ಅದನ್ನು ಮನೆಗೆ ಒಯ್ದು ಮಾಡುವಂತೆ ಮಾಡಿದ್ದ. ಇಬ್ಬರೂ ತಮಗೆ ಗೊತ್ತಿಲ್ಲದ ಒಂದು ವಸ್ತುವಿನ ಎರಡು ತುದಿ ಹಿಡಿದು ಜಗ್ಗುತ್ತಿದ್ದರು. ಕೇಳುತ್ತ ಕೂತ ನೆರೆಯವರು ಗೋಣು ಹಾಕುತ್ತಿದ್ದರು. ಗೊತ್ತಿಲ್ಲದ್ದಕ್ಕೆ ಗೋಣು ಹಾಕುವುದು ಅವರಿಗೆ ರೂಢಿಯಾಗಿತ್ತು.

ಅಷ್ಟರಲ್ಲಿ ಹನಮಂತವ್ವ ಬಂದಳು. ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆಗಳನ್ನು ಮಡಚಿ ಹೊಲಿಯುವವಳು, ಅಮೀರಾಳ ಓರಗೆಯವಳು. ಸೆರಗು ಬಾಯಿಗೆ ಒತ್ತಿ ಪಡಸಾಲೆಯ ಹೊಸ್ತಿಲಲ್ಲಿ ಕೂತಳು. ಒಳಗಿನವರಲ್ಲಿ ಒಬ್ಬಳು ಆಗಷ್ಟೇ, “ಒಬ್ಬರಿಗೆ ಎದುರು ಮಾತಾಡಿದಾಕಿ ಅಲ್ಲ,” ಎಂದು ಮುಗಿಸಿದ್ದಳು.

“ಯಾರ ಬಗ್ಗೆ ಮಾತಾಡಾಕತ್ತೀರಿ?” ಎಂದಳು ಹನಮಂತವ್ವ.

“ಅಮೀರಾನ ಬಗ್ಗೆ.”

“ನಾ ಮನಿ ತಪ್ಪಿ ಬಂದೆ ಅಂತ ಮಾಡಿದ್ದೆ.” ಹನಮಂತವ್ವ ಮೂಗು ಒರೆಸಿಕೊಂಡಳು. “ಎದುರು ಮಾತಾಡಿಲ್ಲಂತ! ಮುಂಜಾನೆ ಬಂದ ಕೂಡ್ಲೇ ನನ್ನ ಮಡಿಕಿ ನೋಡಿ, ‘ಇದು ಹಾಳಿ ಮಡಚಿದ್ದೋ, ಎಮ್ಮಿ ಮಲಗಿದ್ದೋ’ ಅಂತಿದ್ಲು. ಇಪ್ಪತ್ತು ವರ್ಷ ಅಂದ್ಲು. ನಾಳಿಂದ ನನಗ ಯಾರ ಬೈತಾರ?” ಎಂದು ದನಿ ತೆಗೆದು ಅತ್ತಳು. ಆ ದಿನ ಆ ಮನೆಯಲ್ಲಿ ಬಿದ್ದ ಮೊದಲ ಕಣ್ಣೀರು ಅದು.

*

ಪುಸ್ತಕದ ಪುಟಗಳನ್ನು ದೊಡ್ಡ ಹಾಳೆಯ ಮೇಲೆ ಒಂದಾದ ಮೇಲೆ ಒಂದರಂತೆ ಅಚ್ಚು ಹಾಕುವುದಿಲ್ಲ. ಹಾಳೆಯನ್ನು ಮಡಚಿದಾಗ ಸರಿಯಾಗಿ ಬರುವಂತೆ ಒಂದನ್ನು ನೆಟ್ಟಗೆ, ಒಂದನ್ನು ತಲೆಕೆಳಗಾಗಿ, ಅಲ್ಲೊಂದು ಇಲ್ಲೊಂದು ಹಾಕಬೇಕು. ಅದನ್ನು ಲೆಕ್ಕ ಹಾಕಿ ಜೋಡಿಸುವ ಒಂದು ಪ್ರೋಗ್ರಾಮು ಇತ್ತು. ಮಾಡಿದವನು ಯಾವುದೋ ದೂರದ ದೇಶದವನು, ಅವನ ಹಾಳೆಯ ಅಳತೆಯೇ ಬೇರೆ, ಮಡಿಕೆಯೇ ಬೇರೆ. ಅಮೀರಾ ಹನಮಂತವ್ವಳ ಪಕ್ಕದಲ್ಲಿ ಕೂತು, ಆಕೆ ಮಡಚುವುದನ್ನು ನೋಡಿ, ನಮ್ಮ ಕಡೆಯ ಮಡಿಕೆಗೆ ಒಂದು ನಕ್ಷೆ ಬರೆದು ಅವನಿಗೆ ಕಳಿಸಿದಳು. ಅವನು ಸಂತೋಷದಿಂದ ಅದನ್ನು ತನ್ನ ಗಂಟಿನೊಳಗೆ ‘ಉದಾಹರಣೆಗಳು’ ಎಂಬ ಖಾನೆಯಲ್ಲಿ ಇಟ್ಟ.

ಅಮೀರಾಳಿಗೆ ಉದಾಹರಣೆಗಳೆಂದರೆ ತಾತ್ಸಾರ. “ಉಪ್ಪಿನಕಾಯಿ ಅದು, ಊಟ ಅಲ್ಲ” ಎನ್ನುವಳು. ಆ ಪ್ರೋಗ್ರಾಮನ್ನು ಒಡೆಯಲು ಆಕೆ ಬರೆದ ಸ್ಕ್ರಿಪ್ಟಿನಲ್ಲಿ ಒಂದು ಸಾಲಿತ್ತು: ಆ ಖಾನೆಯಲ್ಲಿ ಇದ್ದುದನ್ನೆಲ್ಲ ಓದುವ ಪುಸ್ತಕಗಳ ಪ್ಯಾಕೇಜಿಗೆ ಗುಡಿಸಿ ಹಾಕು. ಹಾಗಾಗಿ ಆಕೆಯದೇ ಕಸಬರಿಗೆ ಆಕೆಯದೇ ನಕ್ಷೆಯನ್ನು ಗುಡಿಸಿ ಹಾಕಿತು. ಬರೀ ಪ್ರೋಗ್ರಾಮನ್ನು ಇಳಿಸಿಕೊಂಡವರಿಗೆ ನಕ್ಷೆ ಸಿಗುತ್ತಿರಲಿಲ್ಲ. ನಕ್ಷೆ ಸಿಗದಿದ್ದರೆ ಪ್ರೋಗ್ರಾಮು ಬಾಯಿ ಬಿಟ್ಟು ಹೇಳುತ್ತಲೂ ಇರಲಿಲ್ಲ, ತನ್ನ ದೇಶದ ಮಡಿಕೆಯಂತೆ ಜೋಡಿಸಿಬಿಡುತ್ತಿತ್ತು. ಅಮೀರಾಳಿಗೆ ಇದು ಗೊತ್ತಾಗುವ ಸಂಭವವೇ ಇರಲಿಲ್ಲ. ಊರಿಗೆಲ್ಲ ಬೇಕಾದಷ್ಟೇ ತಗೊಳ್ಳಿ ಎಂದು ಹೇಳುವವಳ ಯಂತ್ರದಲ್ಲಿ ಎಲ್ಲ ಪ್ಯಾಕೇಜುಗಳೂ ಇದ್ದವು. ಒಡೆಯುವವರ ಮನೆಯಲ್ಲಿ ಎಲ್ಲವೂ ಇಡಿಯಾಗಿ ಇರುತ್ತದೆ.

ಪ್ರೆಸ್ಸಿಗೆ ಇನ್ನೊಂದು ಕಂಪ್ಯೂಟರು ಬಂದಾಗ ಜಾಸ್ಮಿನ ಕಲಿಸಿದಂತೆಯೇ ಮಾಡಿದಳು. ಬರೀ ಪ್ರೋಗ್ರಾಮನ್ನು ಹಾಕಿಕೊಂಡಳು. ಮೊದಲು ಬಂದ ಕೆಲಸ ಮುಂಡರಗಿಯ ನಿವೃತ್ತ ಮಾಸ್ತರರೊಬ್ಬರ ಆತ್ಮಕಥೆ. ಓದು ಬರಹವಿಲ್ಲದ ಹನಮಂತವ್ವ ದಿನದಂತೆ ಮಡಚಿ ಹೊಲಿದಳು. ಬಿಡುಗಡೆಯ ಸಭೆಯಲ್ಲಿ ಪುಸ್ತಕ ತೆರೆದಾಗ ಮಾಸ್ತರರು ಹುಟ್ಟುವ ಮೊದಲೇ ನಿವೃತ್ತರಾಗಿದ್ದರು. ಮದುವೆಯ ಪುಟ ತಲೆಕೆಳಗಾಗಿತ್ತು. ಶಾಲೆಗೆ ಸೇರಿದ್ದು ಹೆಂಡತಿ ತೀರಿಕೊಂಡ ಮೇಲೆ. ಅಧ್ಯಕ್ಷತೆ ವಹಿಸಿದ್ದವರು ಓದದೆಯೇ ಮಾತಾಡುವವರಾದ್ದರಿಂದ, “ಕ್ರಮಬದ್ಧವಾದ ಜೀವನ” ಎಂದು ಅರ್ಧ ತಾಸು ಹೊಗಳಿ ಕೂತರು.

ಮರುದಿನ ಮಾಸ್ತರರು ಪುಸ್ತಕದ ಕಟ್ಟುಗಳನ್ನು ತಂದು ಸಕ್ರಪ್ಪನ ಮೇಜಿನ ಮೇಲೆ ಒಗೆದರು. ಸಕ್ರಪ್ಪ ಜಾಸ್ಮಿನಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದ. ಅಮೀರಾ ಕುರ್ಚಿಯಿಂದ ಏಳಲಿಲ್ಲ. “ಮದರಂಗಿ ಹಚ್ಚಿದ ಕೈ. ಹಾಳಿ ಜೋಡಸಾಕ ಬರಂಗಿಲ್ಲ, ಸ್ಕ್ರಿಪ್ಟ ಬರೀತಾಳಂತ,” ಎಂದಳು. ಕೆಲಸದ ಹುಡುಗರು ನಕ್ಕರು.

ಆ ನಗುವೇ ಜಾಸ್ಮಿನಳನ್ನು ಹುಡುಕಲು ಹಚ್ಚಿತು. ಹುಡುಕಿ, ಆ ಒಂದು ಸಾಲನ್ನು ಕಂಡು, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಮೀರಾಳ ಮುಂದೆ ಬಂದು ನಿಂತಳು.

“ಆಪಾ, ಮಡಿಕಿ ನಕ್ಷೆ ಪುಸ್ತಕದ ಪ್ಯಾಕೇಜಿನ್ಯಾಗ ಹೋಗೇತಿ. ಅದನ್ನ ಇಳಿಸಿಕೊಳ್ಳಲಿಲ್ಲಂದ್ರ ಪುಟ ತಪ್ಪತಾವ.”

“ನನ್ನ ಮಷೀನಿನ್ಯಾಗ ತಪ್ಪಂಗಿಲ್ಲ.”

“ನಿಮ್ಮ ಮಷೀನಿನ್ಯಾಗ ಎಲ್ಲಾ ಪ್ಯಾಕೇಜೂ ಅದಾವ.”

ಈಳಿಗೆ ನಿಂತಿತು. ಅಮೀರಾ ಹೆಚ್ಚಿದ ಈರುಳ್ಳಿಯನ್ನು ತಾಟಿಗೆ ಸುರಿದಳು. ಆಮೇಲೆ, “ಬರದು ಕಳಸು,” ಎಂದಳು.

“ಯಾರಿಗೆ?”

“ಬಳಗಕ್ಕ. ಎಲ್ಲಾರೂ ಓದೂ ಜಾಗಾದಾಗ, ನಿನ್ನ ಹೆಸರು ಹಾಕಿ. ಬರದು ಕಳಿಸದ ತಪ್ಪಿಗೆ ನಾ ಕೈ ಹಚ್ಚಂಗಿಲ್ಲ. ಅಡಗಿಮನ್ಯಾಗ ಬಂದು ಹೇಳೂದು ಚಾಡಿ. ಬರದು ಕಳಸೂದು ಕೆಲಸ.”

ಅದು ಆ ಬಳಗದ ರೀತಿಯೇ. ದೂರು ಬರೆದ ಮೇಲೇ ತಪ್ಪು ತಪ್ಪಾಗುವುದು. ಜಾಸ್ಮಿನ ಅಂದೇ ಬರೆದಳು, ಕಳಿಸಲಿಲ್ಲ. ಮೊದಲು ಇಂಗ್ಲಿಷು ಸರಿಯಿಲ್ಲವೆಂದು ತಡೆದಳು. ಆಮೇಲೆ ಅಮೀರಾ ಆಸ್ಪತ್ರೆ ಸೇರಿದಳು. ರಕ್ತ ತೊಳೆಸಿಕೊಂಡು ಬಂದವಳಿಗೆ ಗಂಜಿ ಕುಡಿಸಿ, ಆಮೇಲೆ ಕೂತು ಅವಳ ತಪ್ಪನ್ನು ಜಗತ್ತಿಗೆ ಸಾರುವುದು ಹೇಗೆ ಎಂದುಕೊಂಡಳು. ಅಮೀರಾ ಮಾತ್ರ ಹಾಸಿಗೆಯ ಮೇಲಿಂದಲೇ ಕೇಳುತ್ತಿದ್ದಳು.

“ಕಳಿಸಿದೇನ?”

“ಇಲ್ಲ ಆಪಾ.”

“ಥೂ ಹೇಡಿ,” ಎಂದು ಗೋಡೆಯ ಕಡೆ ಹೊರಳುತ್ತಿದ್ದಳು.

ಒಂದೇ ಸಾಲು. ಅಮೀರಾ ತಾನೇ ತಿದ್ದಬಹುದಿತ್ತು, ತಿದ್ದಲಿಲ್ಲ. ಒಬ್ಬಳ ಜಂಬಕ್ಕೂ ಇನ್ನೊಬ್ಬಳ ಅಂಜಿಕೆಗೂ ನಡುವೆ ಸಿಕ್ಕು, ಎಲ್ಲೆಲ್ಲಿಯೋ ಯಾರ್‍ಯಾರದೋ ಪುಸ್ತಕಗಳು ತಲೆಕೆಳಗಾಗುತ್ತಲೇ ಇದ್ದವು.

*

ಕಫನ್ ತೊಡಿಸಿ ಪಡಸಾಲೆಯಲ್ಲಿ ಮಲಗಿಸಿದರು. ಹೆಂಗಸರು ಸಾಲಾಗಿ ಬಂದು ಮುಖ ನೋಡಿದರು. ಹನಮಂತವ್ವ ಬಗ್ಗಿ ನೋಡಿ, “ಹಣಿ ಮ್ಯಾಲಿನ ಗಂಟು ಹಂಗ ಐತಿ ನೋಡ್ರಿ,” ಎಂದಳು. ಖರೆಯೇ. ಹುಬ್ಬಿನ ನಡುವಿನ ಆ ಗಂಟು ಯಾರದೋ ಸ್ಕ್ರಿಪ್ಟು ಓದುವಾಗ ಇದ್ದಂತೆಯೇ ಇತ್ತು.

ಮಯ್ಯತ್ತನ್ನು ಎತ್ತುವ ಮುಂಚೆ ಇಲಿಯಾಸ ಜಾಸ್ಮಿನಳನ್ನು ಅಮೀರಾಳ ಕೋಣೆಗೆ ಕರೆದು ಫೋನು ಮುಂದೆ ಹಿಡಿದ.

“ನೀ ಬರಿಯಂಗ ಕಾಣಲಿಲ್ಲ, ನಾನ ಬರದೀನಿ. ನಿನಗ ಕಳಿಸೀನಿ. ನೀ ಬರೇ ಅವರಿಗೆ ದೂಡು. ಕೇಳು: ಲಿನಕ್ಸಿನ ತಾಯಿ, ಭಾರತದ ಮಗಳು, ಒಂದೂ ತಪ್ಪು ಮಾಡದ ಮಹಾತಾಯಿ...”

“ಒಂದೂ ತಪ್ಪು ಮಾಡದ?”

“ಏನ? ಸತ್ತಾಕಿ ತಪ್ಪು ಹುಡುಕಬೇಕೇನ ಈಗ?” ಇಲಿಯಾಸ ಹುಬ್ಬು ಏರಿಸಿದ. “ಕೆಳಗ ನನ್ನ ಕ್ಲಾಸಿನ ಹೆಸರು, ಫೋನ ನಂಬರ ಹಾಕೀನಿ, ಅದನ್ನ ಮತ್ತ ತಗದೀಯಾ. ನಾ ಖಬರಸ್ತಾನದಾಗಿಂದ ಬರೂದ್ರಾಗ ಹೋಗಿರಬೇಕು.”

ಹೊರಗೆ ಕಲಿಮಾ ಹೇಳುವ ದನಿ ಎದ್ದಿತು. ಇಲಿಯಾಸ ಟೋಪಿ ಸರಿ ಮಾಡಿಕೊಂಡು ಓಡಿ ಹೋಗಿ ಜನಾಜಾದ ಮುಂದಿನ ತುದಿಗೆ ಹೆಗಲು ಕೊಟ್ಟ. ಹಿಂದಿನದು ಯಾರಿಗೂ ಕಾಣುವುದಿಲ್ಲ. ಜನಾಜಾ ಓಣಿ ದಾಟಿ ತಿರುವಿನಲ್ಲಿ ಮರೆಯಾಯಿತು. ಹೆಂಗಸರು ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು, ಯಾರ ಮನೆಯಿಂದ ಊಟ ಬರುತ್ತದೆಂದು ಮಾತು ತೆಗೆದರು.

ಜಾಸ್ಮಿನ ಕಂಪ್ಯೂಟರಿನ ಮುಂದೆ ಕೂತಳು. ಗಂಡನ ಪತ್ರ ಬಂದು ಬಿದ್ದಿತ್ತು. ಉದ್ದಕ್ಕೆ ಇತ್ತು. ಕಾಗದದ ಹೂವಿನಂಥ ಮಾತುಗಳು, ಕೊನೆಗೆ ಲಕ್ಷ್ಮೇಶ್ವರದ ವಿಳಾಸ. ಅದನ್ನು ಮುಚ್ಚಿದಳು. ತನ್ನದನ್ನು ತೆರೆದಳು.

ಹನಮಂತವ್ವ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಳು. “ಏನ ಬರಿಯಾಕತ್ತೀಯವಾ?”

“ಮಾಸ್ತರ ಪುಸ್ತಕ ತಪ್ಪಿತ್ತಲ್ಲ ಹನಮಂತಕ್ಕ, ಅದು ಯಾಕ ತಪ್ಪಿತು ಅಂತ.”

“ಯಾರ ತಪ್ಪು?”

“ಆಪಾನ್ದು.”

ಹನಮಂತವ್ವ ಲೋಟವನ್ನು ಮೇಜಿನ ಮೇಲೆ ಇಡಲಿಲ್ಲ. “ಅಯ್ಯ ನನ್ನವ್ವ. ಮಣ್ಣು ಹಾಕೂದು ಇನ್ನೂ ಮುಗದಿಲ್ಲ. ಮಂದಿ ಏನಂದಾರು? ನಿನ್ನ ಗಂಡ ಸುಮ್ನ ಬಿಟ್ಟಾನೇನ? ನಾಳೆ ಬರಿ.”

“ನಾಳೆ ಬಾಗಲಾ ಹಾಕ್ತಾರ.”

“ಹಾಕ್ಲಿ. ಸತ್ತಾಕಿ ಹೆಸರು ಕೆಡಸಬ್ಯಾಡ.”

ಜಾಸ್ಮಿನ ಪರದೆಯ ಮೇಲಿನ ಪತ್ರ ಓದುತ್ತ ಹೋದಳು. ಮನ್ನಿಸಬೇಕು ಎಂದು ಮೊದಲಿಗಿತ್ತು. ನಾನು ಹೊಸಬಳು ಎಂದಿತ್ತು. ನನ್ನದೇ ತಪ್ಪಿರಲೂಬಹುದು ಎಂದಿತ್ತು. ಅಮೀರಾ ಅವರು ಬಹಳ ದೊಡ್ಡವರು, ಅವರಿಗೆ ಬೇಸರವಾಗದಿರಲಿ ಎಂದು ಎರಡು ಕಡೆ ಇತ್ತು. ಮೊದಲನೆಯ ಸಾಲನ್ನು ಅಳಿಸಿದಳು. ಎರಡನೆಯದನ್ನು ಅಳಿಸಿದಳು. ಅಳಿಸಲು ಶುರು ಮಾಡಿದ ಮೇಲೆ ಕೈ ನಿಲ್ಲಲಿಲ್ಲ. ಪತ್ರ ಸಣ್ಣದಾಗುತ್ತ ಬಂತು. ಕೊನೆಗೆ ಉಳಿದದ್ದು ಇಷ್ಟು: ಪುಸ್ತಕಗಳ ಪ್ಯಾಕೇಜು ಇಲ್ಲದಿದ್ದರೆ ಪ್ರೋಗ್ರಾಮಿಗೆ ಮಡಿಕೆಯ ನಕ್ಷೆ ಸಿಗುವುದಿಲ್ಲ. ಪುಟಗಳು ತಪ್ಪುತ್ತವೆ. ತಪ್ಪಿರುವ ಸಾಲು ಇದು. ತಿದ್ದಿದ ಸಾಲು ಇದು.

ಕೆಳಗೆ ಹೊಸದಾಗಿ ಬರೆದಳು: ‘ಈ ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದವರು ಇಂದು ಬೆಳಗ್ಗೆ ತೀರಿಕೊಂಡರು. ಇನ್ನು ಮುಂದೆ ನಾನು ನೋಡಿಕೊಳ್ಳುತ್ತೇನೆ.’ ತನ್ನ ಹೆಸರು ಹಾಕಿದಳು.

“ಕಳಸಿಬಿಟ್ಯಾ?” ಎಂದಳು ಹನಮಂತವ್ವ.

“ಕಳಸೀದೆ,” ಎಂದಳು ಜಾಸ್ಮಿನ. ಹೇಳಿದ ಮೇಲೆ ಗುಂಡಿ ಒತ್ತಿದಳು.

ಹನಮಂತವ್ವ ಲೋಟವನ್ನು ಮೇಜಿನ ಮೇಲೆ ಇಟ್ಟು ಹೊರಗೆ ಹೋದಳು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಓಣಿಯ ತುದಿಯಲ್ಲಿ ತಿರುಗಿ ಬರುತ್ತಿದ್ದ ಗಂಡಸರ ಮಾತು ಕೇಳಿಸತೊಡಗಿತು. ಇಲಿಯಾಸನ ದನಿ ಎಲ್ಲರಿಗಿಂತ ಮೇಲಿತ್ತು.

ಯಾವ ಪ್ಯಾಕೇಜಿನ ಮೇಲೆ ದೂರು ಬಂದರೂ ಅದನ್ನು ನೋಡಿಕೊಳ್ಳುವವರಿಗೆ ಬಳಗದ ಯಂತ್ರ ತಾನಾಗಿಯೇ ಒಂದು ಪ್ರತಿ ಕಳಿಸುತ್ತದೆ. ಮೇಜಿನ ಮೇಲಿನ ಕಂಪ್ಯೂಟರು ಒಮ್ಮೆ ಟಣ್ ಎಂದಿತು. ಪರದೆಯ ಮೂಲೆಯಲ್ಲಿ ಅಮೀರಾಳ ಅಂಚೆಪೆಟ್ಟಿಗೆ ತೆರೆದೇ ಇತ್ತು. ಅದರ ತುದಿಯಲ್ಲಿ, ಇನ್ನೂ ಯಾರೂ ಓದಿಲ್ಲವೆಂದು ಹೇಳುವ ದಪ್ಪ ಕಪ್ಪು ಅಕ್ಷರದಲ್ಲಿ, ಒಂದು ಪತ್ರ ಬಂದು ನಿಂತಿತು. ಕಳಿಸಿದವರು: ಜಾಸ್ಮಿನ, ಬೆಟಗೇರಿ.